ರೂಲೆಟ್ ಚೆಂಡು ಎಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಬಹುದಾ?

ಹೇಳಬಹುದು. ಪೂರ್ತಿ ಅಲ್ಲ, ಒಂದು ಮಟ್ಟಿಗೆ. ಆದರೆ ಜನ ಅಂದುಕೊಂಡಿರುವ ದಾರಿಯಲ್ಲಿ ಖಂಡಿತ ಅಲ್ಲ.

ನಾನು ದಾವಣಗೆರೆಯಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಟ್ಯೂಷನ್ ಮಾಡುತ್ತೇನೆ. ವೃತ್ತಾಕಾರದ ಚಲನೆ ಪಾಠ ಬಂದಾಗಲೆಲ್ಲ ಯಾರಾದರೂ ರೂಲೆಟ್ ವಿಷಯ ಎತ್ತುತ್ತಾರೆ. ಕ್ಯಾಸಿನೋದ ಜೂಜು ಅದು: ದೊಡ್ಡ ಬಟ್ಟಲಿನ ತಳದಲ್ಲಿ ನಂಬರ್ ಬರೆದ ಮನೆಗಳಿರುವ ಚಕ್ರ ತಿರುಗುತ್ತದೆ, ಅಂಚಿನಲ್ಲಿ ಒಂದು ಚೆಂಡು ಎಸೆಯುತ್ತಾರೆ, ಅದು ಯಾವ ಮನೆಗೆ ಬೀಳುತ್ತದೆ ಅಂತ ಜನ ಹಣ ಕಟ್ಟುತ್ತಾರೆ. ಗೋವಾಕ್ಕೆ ಹೋಗಿ ಬಂದ ಅಣ್ಣನೋ ಮಾವನೋ ಒಬ್ಬ ಇರುತ್ತಾನೆ, ಇಲ್ಲವೇ ಫೋನಿನಲ್ಲಿ ಚಕ್ರ ತಿರುಗುವ ಆ್ಯಪ್ ನೋಡಿರುತ್ತಾರೆ. ಕೇಳುವ ಧಾಟಿ ಒಂದೇ: "ಸಾರ್, ಹಿಂದೆ ಬಂದ ನಂಬರ್ ಎಲ್ಲಾ ಬರೆದಿಟ್ಟುಕೊಂಡರೆ ಮುಂದಿನದು ಗೊತ್ತಾಗುತ್ತೆ ಅಲ್ವಾ?" ಓಸಿ ಬರೆಸುವವರು ಹಳೇ ಚಾರ್ಟ್ ಹರಡಿಕೊಂಡು ಕೂರುತ್ತಾರಲ್ಲ, ಅದೇ ಲೆಕ್ಕ.

ಇದನ್ನು ಮೊದಲು ಮುಗಿಸುತ್ತೇನೆ. 1913ರ ಆಗಸ್ಟ್‌ನಲ್ಲಿ ಮಾಂಟೆ ಕಾರ್ಲೋದ ಕ್ಯಾಸಿನೋದಲ್ಲಿ ಚೆಂಡು ಸತತ 26 ಸಲ ಕಪ್ಪು ಮನೆಯಲ್ಲೇ ಬಿತ್ತು. ಇನ್ನು ಕೆಂಪು ಬರಲೇಬೇಕು ಅಂತ ಜನ ಮೇಲಿಂದ ಮೇಲೆ ಕೆಂಪಿಗೆ ಹಣ ಕಟ್ಟಿ ಕಳೆದುಕೊಂಡರು. ಚಕ್ರದಲ್ಲಿ 37 ಮನೆ. 18 ಕಪ್ಪು, 18 ಕೆಂಪು, ಒಂದು ಹಸಿರು ಸೊನ್ನೆ. 27ನೇ ಸಲವೂ ಕಪ್ಪು ಬರುವ ಸಾಧ್ಯತೆ 37ರಲ್ಲಿ 18, ಮೊದಲನೇ ಸಲ ಎಷ್ಟಿತ್ತೋ ಅಷ್ಟೇ. ಹಳೇ ನಂಬರ್ ಉಪಯೋಗಕ್ಕೆ ಬರುವುದು ಒಂದೇ ಕಡೆ: ಚಕ್ರವೇ ಸವೆದು ಕೆಲವು ಮನೆಗಳ ಕಡೆ ವಾಲಿದ್ದರೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಬಟ್ಟೆ ಗಿರಣಿಗಳ ಕೆಲಸ ಬಲ್ಲ ಜೋಸೆಫ್ ಜಾಗರ್ ಅಂತ ಒಬ್ಬರು 19ನೇ ಶತಮಾನದಲ್ಲಿ ಮಾಂಟೆ ಕಾರ್ಲೋದಲ್ಲಿ ಅಂಥ ಚಕ್ರ ಹುಡುಕಿಯೇ ದೊಡ್ಡ ಮೊತ್ತ ಗೆದ್ದರು. ಗಿರಣಿಗಳ ಊರಿನವನಾದ ನನಗೆ ಇದು ತುಂಬಾ ಇಷ್ಟದ ಕಥೆ. ತಿರುಗುವ ಯಂತ್ರದ ಜೊತೆ ಬದುಕಿದವನಿಗೆ ಯಾವ ಚಕ್ರವೂ ಪೂರ್ತಿ ಸರಿ ಇರುವುದಿಲ್ಲ ಅಂತ ಗೊತ್ತಿರುತ್ತದೆ.

ಈಗ ಚೆಂಡಿನ ವಿಷಯಕ್ಕೆ ಬರೋಣ.

ದುಗ್ಗಮ್ಮನ ಜಾತ್ರೆಯಲ್ಲಿ ಹಲಗೆಯ ಬಾವಿಯೊಳಗೆ ಬೈಕ್ ಓಡಿಸುವುದನ್ನು ನೋಡಿದ್ದೀರಲ್ಲ? ವೇಗ ಇರುವ ತನಕ ಬೈಕ್ ಗೋಡೆಗೆ ಅಂಟಿಕೊಂಡಿರುತ್ತದೆ, ವೇಗ ಇಳಿದರೆ ಕೆಳಗೆ. ರೂಲೆಟ್ ಚೆಂಡೂ ಹಾಗೇ ಬಟ್ಟಲಿನ ಮೇಲಂಚಿಗೆ ಒತ್ತಿಕೊಂಡು ಸುತ್ತುತ್ತದೆ. ಆ ಅಂಚಿನ ದಾರಿ ಒಳಕ್ಕೆ ಇಳಿಜಾರಾಗಿದೆ. ಗಾಳಿ ಮತ್ತು ಘರ್ಷಣೆ ಸೇರಿ ಚೆಂಡನ್ನು ನಿಧಾನ ಮಾಡುತ್ತವೆ. ವೇಗ ಒಂದು ಮಿತಿಗಿಂತ ಕೆಳಗೆ ಬಂದ ತಕ್ಷಣ ಚೆಂಡು ಅಂಚು ಬಿಟ್ಟು ಇಳಿಯುತ್ತದೆ. ಆ ಮಿತಿ ಎಷ್ಟು ಅನ್ನುವುದು ಬಟ್ಟಲಿನ ತ್ರಿಜ್ಯ, ಇಳಿಜಾರಿನ ಕೋನ, ಗುರುತ್ವ ಇಷ್ಟರಿಂದಲೇ ತೀರ್ಮಾನವಾಗುತ್ತದೆ. ಚೆಂಡಿನ ತೂಕ ಸಮೀಕರಣದಲ್ಲಿ ಹೊಡೆದುಹೋಗುತ್ತದೆ. ಅಂದರೆ ಎಸೆಯುವವನು ಎಷ್ಟೇ ಜೋರಾಗಿ ಎಸೆಯಲಿ, ಚೆಂಡು ಅಂಚು ಬಿಡುವ ವೇಗ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ! ಈ ಸಾಲನ್ನು ಬೋರ್ಡಿನ ಮೇಲೆ ಬರೆಯುವಾಗ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಈಗಿನ ವೇಗ ಗೊತ್ತು, ಬಿಡುವ ವೇಗ ಗೊತ್ತು, ಎಷ್ಟು ಬೇಗ ನಿಧಾನವಾಗುತ್ತಿದೆ ಅಂತಲೂ ಗೊತ್ತು ಅಂದರೆ ಯಾವಾಗ, ಯಾವ ಕಡೆ ಬಿಡುತ್ತದೆ ಅಂತ ಲೆಕ್ಕ ಹಾಕಬಹುದು. ಕೆಳಗಿನ ಚಕ್ರ ಸಾಮಾನ್ಯವಾಗಿ ಎದುರು ದಿಕ್ಕಿಗೆ ನಿಧಾನವಾಗಿ ತಿರುಗುತ್ತಿರುತ್ತದೆ, ಅದರ ಒಂದು ಸುತ್ತಿನ ಸಮಯ ಸಿಕ್ಕರೆ ಆ ಹೊತ್ತಿಗೆ ಚೆಂಡಿನ ಕೆಳಗೆ ಯಾವ ನಂಬರ್‌ಗಳು ಇರುತ್ತವೆ ಅಂತಲೂ ಹೇಳಬಹುದು.

ಇದನ್ನು ಮಾಡಿಯೂ ತೋರಿಸಿದ್ದಾರೆ. ಮಾಹಿತಿ ಸಿದ್ಧಾಂತ ಕಟ್ಟಿದ ಅಮೆರಿಕದ ವಿಜ್ಞಾನಿ ಕ್ಲಾಡ್ ಶಾನನ್ ಮತ್ತು ಗಣಿತದ ಮೇಷ್ಟ್ರು ಎಡ್ವರ್ಡ್ ಥಾರ್ಪ್ ಸೇರಿ ಶಾನನ್ ಮನೆಯಲ್ಲೇ ಒಂದು ರೂಲೆಟ್ ಚಕ್ರ ತಂದಿಟ್ಟುಕೊಂಡು ಅಳೆದರು. 12 ಟ್ರಾನ್ಸಿಸ್ಟರ್ ಇರುವ, ಸಿಗರೇಟ್ ಪ್ಯಾಕ್‌ನಷ್ಟು ದೊಡ್ಡ ಕಂಪ್ಯೂಟರ್ ಕಟ್ಟಿ 1961ರಲ್ಲಿ ಲಾಸ್ ವೇಗಸ್‌ಗೆ ಹೋದರು. ಮೈಮೇಲೆ ಧರಿಸುವ ಮೊದಲ ಕಂಪ್ಯೂಟರ್ ಅಂತ ಅದನ್ನೇ ಹೇಳುತ್ತಾರೆ. ಚೆಂಡು ಮತ್ತು ಚಕ್ರ ಒಂದು ಗುರುತು ದಾಟುವಾಗ ಶೂ ಒಳಗಿನ ಸ್ವಿಚ್ಚನ್ನು ಕಾಲ್ಬೆರಳಿಂದ ಒತ್ತಬೇಕು. ಚಕ್ರವನ್ನು ಎಂಟು ಭಾಗ ಮಾಡಿ, ಯಾವ ಭಾಗ ಅಂತ ಕಿವಿಯಲ್ಲಿ ಒಂದು ಸ್ವರ ಕೇಳಿಸುತ್ತಿತ್ತು. ಕಟ್ಟಿದ ಹಣದ ಮೇಲೆ ಶೇಕಡಾ 44ರಷ್ಟು ಲಾಭದ ಲೆಕ್ಕ ಅದು. ಕಿವಿಗೆ ಹೋಗುವ ಕೂದಲಿನಂಥ ತಂತಿ ಪದೇ ಪದೇ ಕಡಿದು, ದೊಡ್ಡ ಹಣ ಹೂಡುವ ತನಕ ಹೋಗಲೇ ಇಲ್ಲ.

ಎಂಟನೇ ಒಂದು ಭಾಗ ಗೊತ್ತಾದರೆ ಸಾಕಾ ಅಂತ ಹುಡುಗರು ಕೇಳುತ್ತಾರೆ. ಅಷ್ಟೂ ಬೇಡ. ನೀವು ಕಟ್ಟಿದ ನಂಬರ್ ಬಂದರೆ ಒಂದು ರೂಪಾಯಿಗೆ 35 ರೂಪಾಯಿ, ಜೊತೆಗೆ ನಿಮ್ಮ ರೂಪಾಯಿ ವಾಪಸ್, ಒಟ್ಟು 36. ಎಲ್ಲಾ 37 ಮನೆಗೂ ಕಟ್ಟಿದರೆ ಪ್ರತಿ ಸಲ ಒಂದು ರೂಪಾಯಿ ನಷ್ಟ, ಅದೇ ಕ್ಯಾಸಿನೋದ ಶೇಕಡಾ 2.7 ಪಾಲು. ಈಗ ಎರಡೇ ಎರಡು ಮನೆಗೆ ಚೆಂಡು ಬೀಳುವುದಿಲ್ಲ ಅಂತ ಖಚಿತವಾಗಿ ಗೊತ್ತಿದೆ ಅಂದುಕೊಳ್ಳಿ. ಉಳಿದ 35ಕ್ಕೆ ಕಟ್ಟಿದರೆ 35 ಹೋಗಿ 36 ಬರುತ್ತದೆ. ಆಟವೇ ತಿರುಗಿಬಿತ್ತು! ಅಷ್ಟು ತೆಳು ಅಂಚಿನ ಮೇಲೆ ಇಡೀ ವ್ಯಾಪಾರ ನಿಂತಿದೆ.

ಕಷ್ಟ ಇರುವುದು ಕೊನೆಯ ಒಂದೆರಡು ಸೆಕೆಂಡಿನಲ್ಲಿ. ಇಳಿಯುವ ದಾರಿಯಲ್ಲಿ ಲೋಹದ ಅಡ್ಡಗಟ್ಟೆಗಳಿವೆ, ಮನೆಗಳ ನಡುವೆ ಗೋಡೆಗಳಿವೆ. ಅವಕ್ಕೆ ಚೆಂಡು ಕೂದಲೆಳೆ ಆಚೀಚೆ ತಾಗಿದರೂ ನೆಗೆಯುವ ದಿಕ್ಕು ಪೂರ್ತಿ ಬದಲಾಗುತ್ತದೆ. ಸಣ್ಣ ಕಾರಣದಿಂದ ದೊಡ್ಡ ಪರಿಣಾಮ ಆಗುವುದಕ್ಕೆ ಫ್ರಾನ್ಸಿನ ಗಣಿತಜ್ಞ ಹೆನ್ರಿ ಪ್ವಾಂಕಾರೆ 1908ರಲ್ಲೇ ರೂಲೆಟ್ ಉದಾಹರಣೆ ಕೊಟ್ಟಿದ್ದರು. ಆದರೂ ಆ ನೆಗೆತ ಚಕ್ರದ ತುಂಬಾ ಸಮನಾಗಿ ಹರಡುವುದಿಲ್ಲ, ಅದರಲ್ಲೇ ದಾರಿ ಸಿಗುವುದು. 2012ರಲ್ಲಿ ಮೈಕೆಲ್ ಸ್ಮಾಲ್ ಮತ್ತು ಚಿ ಕಾಂಗ್ ತ್ಸೆ ಪ್ರಕಟಿಸಿದ ಲೇಖನದಲ್ಲಿ, ಕೈಯಿಂದ ಸಮಯ ಅಳೆದು ಲೆಕ್ಕ ಹಾಕಿದರೂ ಶೇಕಡಾ 18ರಷ್ಟು ಲಾಭ ನಿರೀಕ್ಷಿಸಬಹುದು ಅಂತ ತೋರಿಸಿದರು. ಮೇಜು ಸ್ವಲ್ಪ ವಾಲಿದ್ದರೆ ಚೆಂಡು ಅಂಚು ಬಿಡುವ ಜಾಗ ಒಂದೇ ಕಡೆಗೆ ಸೇರಿಬಿಡುತ್ತದೆ, ಆಗ ಊಹೆ ಇನ್ನೂ ಸುಲಭ.

ಹಾಗಂತ ಗೋವಾ ಬಸ್ ಹತ್ತಬೇಡಿ. ಚೆಂಡು ಎಸೆದ ಮೇಲೆ ಹಣ ಕಟ್ಟಲು ಬಿಟ್ಟರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಕ್ಯಾಸಿನೋದವರು "ಸಾಕು, ಇನ್ನು ಕಟ್ಟಬೇಡಿ" ಅಂತ ಬೇಗ ಹೇಳಿಬಿಟ್ಟರೆ ಮುಗಿಯಿತು. ಲಾಸ್ ವೇಗಸ್ ಇರುವ ನೆವಾಡಾದಲ್ಲಿ 1985ರಿಂದ ಇಂಥ ಸಾಧನ ಬಳಸುವುದೂ, ಬಳಸಲೆಂದು ಇಟ್ಟುಕೊಳ್ಳುವುದೂ ಅಪರಾಧ.

ನನಗೆ ನಿಜವಾಗಿ ಸಂಕಟ ಆಗುವುದು ಫೋನಿನ ಆಟ ನೋಡಿದಾಗ. ಆ್ಯಪ್‌ನ ಅನಿಮೇಷನ್‌ನಲ್ಲಿ ಚೆಂಡೂ ಇಲ್ಲ, ಇಳಿಜಾರೂ ಇಲ್ಲ. ಪ್ರೋಗ್ರಾಂ ಒಂದು ನಂಬರ್ ಆರಿಸುತ್ತದೆ, ಆಮೇಲೆ ಚಿತ್ರ ಸುಮ್ನೆ ಅಲ್ಲಿಗೆ ಬಂದು ನಿಲ್ಲುತ್ತದೆ. ಅಳೆಯುವುದಕ್ಕೇ ಏನೂ ಇಲ್ಲದ ಜಾಗದಲ್ಲಿ ಹಿಂದಿನ ನಂಬರ್‌ಗಳ ಪಟ್ಟಿ ದೊಡ್ಡದಾಗಿ ತೋರಿಸುತ್ತಾರೆ, ಹುಡುಗರು ಅದನ್ನೇ ನೋಡಿಕೊಂಡು ಕೂರುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸ್ ಮಾಡಿದಾಗ ನನಗೆ ಸಮಾಧಾನ ಆಯಿತು.

ನಮ್ಮ ಟ್ಯೂಷನ್‌ನಲ್ಲಿ ಈಗ ಮಂಡಕ್ಕಿ ಕಲಸುವ ದೊಡ್ಡ ಸ್ಟೀಲ್ ಬೋಗುಣಿಯಲ್ಲಿ ಗೋಲಿ ಬಿಟ್ಟು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡುತ್ತಿದ್ದೇವೆ. ಬೋಗುಣಿಯ ಗೋಡೆ ಬಾಗಿರುವುದರಿಂದ ಗೋಲಿ ಥಟ್ಟನೆ ಅಂಚು ಬಿಡುವುದಿಲ್ಲ, ಸುತ್ತುತ್ತಾ ಇಳಿಯುತ್ತದೆ. ಆದರೂ ಅದು ನಿಧಾನವಾಗುವ ಕ್ರಮ ಚೆನ್ನಾಗಿ ಕಾಣುತ್ತದೆ. ಮುಂದೆ ಸಣ್ಣ ಚಕ್ರವೊಂದನ್ನೇ ಕಟ್ಟಬೇಕು ಅಂತಿದೆ. ಅದಕ್ಕೆ ಹಳೇ ಸೀಲಿಂಗ್ ಫ್ಯಾನಿನ ಬೇರಿಂಗ್ ಬೇಕು, ಜಾಸ್ತಿ ಸವೆದಿರಬಾರದು. ಊರಲ್ಲಿ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಹುಡುಗರನ್ನು ಕಳಿಸಿ ತರಿಸಿಕೊಳ್ಳುತ್ತೇನೆ.