ನೀರಿನ ಟೇಬಲ್‌ನ ಆಚೆ ಬದಿ

ಎಂಟು ವರ್ಷದಿಂದ ಓಡುತ್ತಿದ್ದೇನೆ. ಓಟದ ದಾರಿಯಲ್ಲಿ ಓಡುವವರಿಗೆ ನೀರು ಕೊಡುವ ಟೇಬಲ್ ಹಿಂದೆ ನಿಂತಿದ್ದು ಮಾತ್ರ ಹೋದ ವರ್ಷವೇ ಮೊದಲು. ಹಿಮ್ಮಡಿ ನೋವು ಇತ್ತು, ಸುಮ್ನೆ ಮನೆಯಲ್ಲಿ ಕೂರುವ ಬದಲು ವಾಲಂಟಿಯರ್ ಆದೆ. ಬೆಂಗಳೂರಿನದೇ ಒಂದು ಹಾಫ್ ಮ್ಯಾರಥಾನ್, ಹೆಸರು ಬೇಡ.

ನಾಲ್ಕೂವರೆಗೇ ಕೆಲಸ ಶುರು. ಪೇಪರ್ ಕಪ್‌ಗೆ ಅರ್ಧ ನೀರು ತುಂಬಿಸಿ, ಮೇಲೆ ರಟ್ಟು ಹಾಸಿ, ಅದರ ಮೇಲೆ ಇನ್ನೊಂದು ಸಾಲು. ಗುಂಪು ಬಂತು ನೋಡಿ, ಒಂದು ಗುಟುಕು ಬಾಯಿಗೆ, ಉಳಿದದ್ದು ತಲೆಗೆ, ಕಪ್ ರಸ್ತೆಗೆ. ಕಸದ ಡಬ್ಬ ಹತ್ತೇ ಹೆಜ್ಜೆ ಮುಂದೆ ಇತ್ತು, ಓಡುವವರು ಕುಡಿದು ಮುಗಿಸುವುದು ಐವತ್ತು ಹೆಜ್ಜೆ ಆದಮೇಲೆ. ಯಾರನ್ನು ಬೈಯಲಿ, ಎಂಟು ವರ್ಷ ನಾನೂ ಹಾಗೇ ಎಸೆದವನು.

ಎಂಟು ಗಂಟೆಗೆ ಇಬ್ಬರು ಪೌರಕಾರ್ಮಿಕ ಹೆಂಗಸರು ಬಂದರು. ತುಳಿದ ಒದ್ದೆ ಕಪ್ ಡಾಂಬರಿಗೆ ಅಂಟಿಕೊಂಡಿರುತ್ತದೆ, ಪೊರಕೆಗೆ ಬರುವುದಿಲ್ಲ, ಬಗ್ಗಿ ಕೈಯಲ್ಲೇ ಕೀಳಬೇಕು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು, "ಬಾಳೆಹಣ್ಣು ಉಳ್ದಿದ್ರೆ ಕೊಡ್ತೀರಾ ಸಾರ್?" ಅಂದರು. ಉಳಿದಿರಲಿಲ್ಲ. ತಿಂಡಿ ಕೂಪನ್ ಕೊಡುವ ಪಟ್ಟಿಯಲ್ಲಿ ಓಟಗಾರರಿದ್ದರು, ನಾವಿದ್ದೆವು, ಡಿಜೆ ಕೂಡ ಇದ್ದ. ಇವರಿರಲಿಲ್ಲ. ನನ್ನ ಕೂಪನ್ ಕೊಟ್ಟೆ. ಒಂದು ಕೂಪನ್, ಇಬ್ಬರು.

ಪೇಪರ್ ಅಲ್ವಾ, ಕರಗುತ್ತದೆ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಈ ಕಪ್‌ಗಳ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ನೀರು ನಿಲ್ಲುವುದು ಹೇಗೆ? ಒದ್ದೆಯಾಗಿ ಮಣ್ಣು ಮೆತ್ತಿದ್ದನ್ನು ಗುಜರಿಯವರೂ ಮುಟ್ಟುವುದಿಲ್ಲ.

2019ರ ಲಂಡನ್ ಮ್ಯಾರಥಾನ್‌ನಲ್ಲಿ 23ನೇ ಮೈಲಿಯಲ್ಲಿ ಕಡಲ ಪಾಚಿಯಿಂದ ಮಾಡಿದ ಪುಟ್ಟ ಚೀಲಗಳಲ್ಲಿ ಪಾನೀಯ ಕೊಟ್ಟಿದ್ದರು, ಚೀಲದ ಸಮೇತ ನುಂಗಬಹುದು. ನೋಡೋಕೆ ಚೆಂದ. ನನಗೆ ಅದಕ್ಕಿಂತ ಹಿಡಿಸಿದ್ದು ಯುಟಿಎಂಬಿಯವರ ಒರಟು ನಿಯಮ. ಆಲ್ಪ್ಸ್‌ನಲ್ಲಿ ಮಾಂಟ್ ಬ್ಲಾಂಕ್ ಸುತ್ತ ಸುಮಾರು 170 ಕಿಲೋಮೀಟರ್ ಓಟ ಅದು. ಕಡ್ಡಾಯ ಸಾಮಾನುಗಳಲ್ಲಿ ನಿಮ್ಮದೇ ಕಪ್ ಕೂಡ ಒಂದು, ಕನಿಷ್ಠ 150 ಮಿಲಿಲೀಟರ್ ಹಿಡಿಯುವಂಥದ್ದು. ಅಷ್ಟು ದೂರ ಬೆಟ್ಟ ಹತ್ತುವವರು ಕಪ್ ಹೊರುತ್ತಾರೆ ಅಂದರೆ ಕಬ್ಬನ್ ಪಾರ್ಕ್ ಸುತ್ತ ಹತ್ತು ಕಿಲೋಮೀಟರ್ ಓಡುವ ನಮಗೇನು ಕಷ್ಟ? ಗೆಲ್ಲೋಕೆ ಓಡುವವರಿಗೆ ಬೇಕಾದರೆ ಬೇರೆ ಟೇಬಲ್ ಇಡಿ. ನಮ್ಮಂಥವರ ಟೈಮಿಂಗ್ ನಾಲ್ಕು ಸೆಕೆಂಡ್ ಹೆಚ್ಚಾದರೆ ಮನೆಯವರೂ ಕೇಳುವುದಿಲ್ಲ. ಹಾಗೇ, ಓಟಕ್ಕೆ ಹೆಸರು ಕೊಟ್ಟವರಿಗೆಲ್ಲ ಹಂಚುವ ಆ ಟೀಶರ್ಟ್ ಬೇಡ ಅನ್ನಲು ಫಾರ್ಮಿನಲ್ಲಿ ಒಂದು ಬಾಕ್ಸ್ ಇಟ್ಟರೂ ಸಾಕು, ನನ್ನ ಹತ್ತಿರ ಹದಿನಾಲ್ಕಿವೆ, ಎರಡು ಈಗಾಗಲೇ ಗಾಡಿ ಒರೆಸುವ ಬಟ್ಟೆ.

ಈ ವರ್ಷ ಮಡಚುವ ಸಿಲಿಕೋನ್ ಕಪ್ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ಮೊದಲ ನೀರಿನ ಟೇಬಲ್ ಹತ್ತಿರ ನಿಂತು ಕಪ್ ಮುಂದೆ ಚಾಚಿದೆ. ಟೇಬಲ್ ಹಿಂದಿನ ಹುಡುಗ ಗಲಿಬಿಲಿಯಾದ. ಜಗ್ ಇರಲಿಲ್ಲ. ಒಂದು ಪೇಪರ್ ಕಪ್ ಎತ್ತಿ ನೀರನ್ನು ನನ್ನ ಕಪ್‌ಗೆ ಸುರಿದು, ನಗುತ್ತಾ "ಸೂಪರ್ ಸಾರ್" ಅಂದು, ಖಾಲಿ ಕಪ್ಪನ್ನು ರಸ್ತೆಗೆ ಎಸೆದ.