ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ

ನರ್ಸರಿ ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೆ ವಹಿಸಿದ್ದು ಸೇವಂತಿಗೆಯ ಇನ್ನೂರು ಕುಂಡಗಳು. ಎಲ್ಲವೂ ನೆರಳುಮನೆಯ ಹೊರಗೆ, ಬಯಲಲ್ಲಿ. ಮಣ್ಣು ತುಂಬುವುದರಿಂದ ಹಿಡಿದು ಹೂ ಬರುವವರೆಗೆ ಪೂರ್ತಿ ನನ್ನದೇ ಜವಾಬ್ದಾರಿ. ತುಂಬಾ ಆಸೆಯಿಂದ ಮಾಡಿದೆ. ಪ್ರತಿ ಕುಂಡದ ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದೆ, ನೀರು ಚೆನ್ನಾಗಿ ಬಸಿಯಲಿ ಅಂತ. ಅದರ ಮೇಲೆ ಹೊಲದ ಒಳ್ಳೆಯ ಮಣ್ಣು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ಒಂದು ದಿನವೂ ತಪ್ಪಿಸಲಿಲ್ಲ.

ಮೂರನೇ ವಾರಕ್ಕೆ ಎಲೆಗಳು ಜೋತುಬಿದ್ದವು. ಬಿಸಿಲು ಜಾಸ್ತಿಯಾಯಿತು ಅಂದುಕೊಂಡು ಮಧ್ಯಾಹ್ನವೂ ನೀರು ಹಾಕಲು ಶುರು ಮಾಡಿದೆ. ಕೆಳಗಿನ ಎಲೆ ಹಳದಿಯಾಯಿತು. ಗೊಬ್ಬರ ಸಾಲದೇನೋ ಅಂತ ಗೊಬ್ಬರದ ನೀರು ಕೊಟ್ಟೆ. ಇನ್ನೂ ಕೆಟ್ಟಿತು.

ನಮ್ಮಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರಿದ್ದರು. ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದೆವು. ನಾನು ಮತ್ತೆ ಪೈಪ್ ಹಿಡಿದುಕೊಂಡು ಹೋಗುವಾಗ ಅವರು ತಡೆದರು. "ನೀರು ಹಾಕ್ಬೇಡಪ್ಪ. ಮೊದ್ಲು ಕುಂಡ ಎತ್ತು" ಅಂದರು. ಎತ್ತಿದೆ. ಕಲ್ಲಿನ ಭಾರ. ಆಮೇಲೆ ಅವರು ಗಿಡದ ಬುಡಕ್ಕೆ ಕೈ ಅಡ್ಡ ಕೊಟ್ಟು, ಕುಂಡ ಬೋರಲು ಹಾಕಿ, ಅಂಚನ್ನು ಮೆಲ್ಲಗೆ ತಟ್ಟಿ ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆದರು. ಬಿಳಿಯಾಗಿರಬೇಕಾದ ಬೇರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಹಿಡಿದೆಳೆದರೆ ಮೇಲಿನ ಸಿಪ್ಪೆ ಕಳಚಿ ದಾರದಂಥ ಎಳೆ ಮಾತ್ರ ಉಳಿಯುತ್ತಿತ್ತು. ಕೊಳೆತ ವಾಸನೆ ಬೇರೆ. ಗಿಡ ಬಾಡಿದ್ದು ನೀರಿನ ನಡುವೆ ನಿಂತುಕೊಂಡೇ.

ಕುಂಡದಲ್ಲಿ ಗಿಡ ಬೆಳೆಸಲು ಹೊಸದಾಗಿ ಶುರು ಮಾಡಿದವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಆ ದಿನದ ವಿಷಯವನ್ನೇ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಸಂದುಗಳಲ್ಲಿ ಇರುವ ಗಾಳಿಯಿಂದ ಅದಕ್ಕೆ ಆಮ್ಲಜನಕ ಬೇಕು. ಸಂದುಗಳೆಲ್ಲಾ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟುತ್ತದೆ, ಕೆಲಸ ನಿಲ್ಲಿಸುತ್ತದೆ. ಬೇರು ನೀರು ಎಳೆಯದಿದ್ದರೆ ಎಲೆ ಬಾಡಲೇಬೇಕು ಅಲ್ವಾ? ಹಾಗಾಗಿ ನೀರು ಕಡಿಮೆಯಾದ ಗಿಡ, ನೀರು ಹೆಚ್ಚಾದ ಗಿಡ ಎರಡೂ ಮೇಲಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಕುಂಡ ಎತ್ತಿದಾಗ.

ಒಂದು ಲೀಟರ್ ನೀರಿಗೆ ಒಂದು ಕೆಜಿ ತೂಕ. ಎಂಟು ಇಂಚಿನ ಕುಂಡದಲ್ಲಿ ಒಣಗಿದಾಗಿನ ಭಾರಕ್ಕೂ ನೀರು ಕುಡಿದ ಮೇಲಿನ ಭಾರಕ್ಕೂ ಇರುವ ವ್ಯತ್ಯಾಸ ಯಾರ ಕೈಗಾದರೂ ತಿಳಿಯುತ್ತದೆ. ಮೊದಲ ದಿನ ಚೆನ್ನಾಗಿ ನೀರು ಹಾಕಿ, ಬಸಿದ ಮೇಲೆ ಎತ್ತಿ ನೋಡಿ. ಆಮೇಲೆ ದಿನಾ ಬೆಳಿಗ್ಗೆ ಅದೇ ಕುಂಡ ಎತ್ತಿ. ಒಂದು ವಾರದಲ್ಲಿ ನಿಮ್ಮ ಕೈಯೇ ತಕ್ಕಡಿಯಾಗುತ್ತದೆ. ಕುಂಡ ದೊಡ್ಡದಾಗಿದ್ದು ಎತ್ತಲು ಆಗದಿದ್ದರೆ ಒಂದು ಬದಿಯನ್ನು ಸ್ವಲ್ಪ ವಾಲಿಸಿದರೂ ಸಾಕು. ಅದೂ ಆಗದಿದ್ದರೆ ಬೆರಳನ್ನು ಎರಡು ಇಂಚು ಒಳಗೆ ಇಳಿಸಿ ನೋಡಿ. ಮೇಲಿನ ಮಣ್ಣು ಒಣಗಿದ್ದನ್ನು ಮಾತ್ರ ನೋಡಿ ನಂಬಬೇಡಿ.

ನೀರು ಹಾಕುವುದು ಅಂದಾಗ ಪೂರ್ತಿ ಹಾಕಿ. ತಳದ ತೂತುಗಳಿಂದ ಸ್ವಲ್ಪ ನೀರು ಹೊರಗೆ ಬರುವಷ್ಟು. ದಿನಾ ಒಂದು ಲೋಟ ಚಿಮುಕಿಸುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಮೇಲಿನ ಪದರ ಸದಾ ಒದ್ದೆ, ಕೆಳಗಿನ ಬೇರು ಸದಾ ಒಣ, ಗೊಬ್ಬರದ ಉಪ್ಪು ಮಣ್ಣಿನಲ್ಲೇ ಕೂತು ಮೇಲೆ ಬಿಳಿ ಪೊರೆಯಾಗುತ್ತದೆ. ಎಲೆಯ ತುದಿ ಸುಟ್ಟ ಹಾಗೆ ಕಂದಾಗುವುದು ಎಷ್ಟೋ ಸಲ ಇದರಿಂದಲೇ.

ಇನ್ನು ಜಲ್ಲಿಯ ವಿಷಯ. ತಳಕ್ಕೆ ಕಲ್ಲು ಹಾಕಿದರೆ ನೀರು ಬೇಗ ಇಳಿಯುತ್ತದೆ ಅಂತ ತುಂಬಾ ಜನ ನಂಬುತ್ತಾರೆ. ನಾನೂ ನಂಬಿದ್ದೆ. ಆಗುವುದು ಅದಕ್ಕೆ ವಿರುದ್ಧ. ಸಣ್ಣ ಸಂದುಗಳಿರುವ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದರ ಕೆಳಗೆ ದೊಡ್ಡ ಸಂದುಗಳ ಜಲ್ಲಿ ಬಂದರೆ, ಮೇಲಿನ ಮಣ್ಣು ಪೂರ್ತಿ ತೊಯ್ದು ಹೋಗುವವರೆಗೆ ನೀರು ಆ ಗೆರೆ ದಾಟುವುದೇ ಇಲ್ಲ. ಜಲ್ಲಿ ಇಲ್ಲದಿದ್ದರೂ ಕುಂಡದ ತಳದಲ್ಲಿ ಒಂದು ಒದ್ದೆ ಪದರ ಇದ್ದೇ ಇರುತ್ತದೆ. ನಾನು ಎರಡು ಇಂಚು ಕಲ್ಲು ಹಾಕಿ ಆ ಒದ್ದೆ ಪದರವನ್ನು ಎರಡು ಇಂಚು ಮೇಲಕ್ಕೆ, ಸೀದಾ ಬೇರಿನ ನಡುವೆ ತಂದಿಟ್ಟಿದ್ದೆ.

ಅಕ್ಕ ಇದನ್ನು ಪಾತ್ರೆ ತೊಳೆಯುವ ಸ್ಪಂಜಿನಲ್ಲಿ ತೋರಿಸಿದರು. ನೀವೂ ಮಾಡಿ ನೋಡಿ. ಸ್ಪಂಜನ್ನು ಪೂರ್ತಿ ನೆನೆಸಿ, ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಹಿಂಡದೆ, ಸುಮ್ನೆ ಉದ್ದುದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಎತ್ತರ ಮಾತ್ರ ಬದಲಾಯಿತು. ಕುಂಡವೂ ಹಾಗೆಯೇ. ಒಂದೇ ಮಣ್ಣನ್ನು ಎತ್ತರದ ಕುಂಡಕ್ಕೆ ತುಂಬಿದರೆ ಒದ್ದೆ ಪದರದ ಮೇಲೆ ಬೇರಿಗೆ ಗಾಳಿಯಾಡುವ ಜಾಗ ಜಾಸ್ತಿ ಉಳಿಯುತ್ತದೆ. ತಗ್ಗಾದ, ಅಗಲದ ತಟ್ಟೆಯಂಥ ಕುಂಡ ನೋಡಲು ಚೆಂದ. ಆದರೆ ಹೊಸಬರಿಗೆ ಅದು ಕಷ್ಟ.

ಹೊಲದ ಮಣ್ಣೂ ಕುಂಡಕ್ಕೆ ಒಗ್ಗುವುದಿಲ್ಲ. ಹೊಲದಲ್ಲಿ ಎರೆಹುಳು ಇದೆ, ಆಳ ಇದೆ, ನೀರು ಕೆಳಗೆ ಇಳಿದು ಹೋಗಲು ದಾರಿ ಇದೆ. ಅದೇ ಮಣ್ಣನ್ನು ಕುಂಡಕ್ಕೆ ತುಂಬಿ ನಾಲ್ಕು ವಾರ ನೀರು ಹಾಕಿದರೆ ಇಟ್ಟಿಗೆಯಾಗುತ್ತದೆ. ಈಗ ನಾನು ಬಳಸುವುದು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಕಾಂಪೋಸ್ಟ್, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸೇರಿಸಿದ ಮಿಶ್ರಣ. ಅಳತೆ ಸುಮಾರು 2:1:1. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು, ಆದರೆ ಆಗ ಕುಂಡ ಭಾರವಾಗುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರಬಹುದು. ತೊಳೆದದ್ದು ಅಂತ ಖಾತ್ರಿ ಇಲ್ಲದಿದ್ದರೆ ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ. ಮಿಶ್ರಣವನ್ನು ಒತ್ತಿ ತುಂಬಬೇಡಿ. ಕುಂಡವನ್ನು ನೆಲಕ್ಕೆ ಎರಡು ಸಲ ತಟ್ಟಿದರೆ ಅದೇ ಕೂತುಕೊಳ್ಳುತ್ತದೆ.

ಚಿಕ್ಕ ಸಸಿಯನ್ನು ಒಮ್ಮೆಲೇ ದೊಡ್ಡ ಕುಂಡಕ್ಕೆ ಇಡುವುದೂ ಅದೇ ತೊಂದರೆ ತರುತ್ತದೆ. ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೇ ನಿಂತಿರುತ್ತದೆ. ಬೇರು ಬೆಳೆದ ಹಾಗೆ ಕುಂಡ ಬದಲಿಸುವುದು ವಾಸಿ.

ಬಯಲಲ್ಲಿ ಬೆಳೆಸುವವರು ಕುಂಡದ ಬಣ್ಣವನ್ನೂ ನೋಡಬೇಕು. ಕಪ್ಪು ಪ್ಲಾಸ್ಟಿಕ್ ಕುಂಡದ ಪಡುವಣ ಬದಿಯನ್ನು ಬೇಸಿಗೆಯ ಮಧ್ಯಾಹ್ನ ಮುಟ್ಟಿ ನೋಡಿ, ಕೈ ಸುಡುತ್ತದೆ. ಒಳಗೆ ಬೇರು ಆ ಗೋಡೆಗೇ ಅಂಟಿಕೊಂಡಿರುತ್ತದೆ. ಮಣ್ಣಿನ ಬಿಸಿ 40 ಡಿಗ್ರಿಯ ಹತ್ತಿರ ಬಂದರೆ ಬೇರು ಹಾಳಾಗಲು ಶುರು. ಆಗಲೂ ಎಲೆ ಬಾಡುತ್ತದೆ, ಆಗಲೂ ನಾವು ನೀರೇ ಹಾಕುತ್ತೇವೆ! ಕುಂಡಗಳನ್ನು ಒತ್ತೊತ್ತಾಗಿ ಜೋಡಿಸಿ, ಬಿಸಿಲು ಬೀಳುವ ಬದಿಗೆ ಒಂದು ಹಲಗೆಯನ್ನೋ ಗೋಣಿಚೀಲವನ್ನೋ ಅಡ್ಡ ಕೊಡಿ. ಎಲೆಗೆ ಬಿಸಿಲು ಬೇಕು, ಕುಂಡಕ್ಕೆ ನೆರಳು ಬೇಕು. ನೆರಳಲ್ಲಿ ಬೆಳೆದ ಸಸಿಯನ್ನು ಹೊರಗೆ ತರುವುದಾದರೆ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಮೊದಲು ಬೆಳಗಿನ ಒಂದು ಗಂಟೆ ಬಿಸಿಲು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ.

ಆ ವರ್ಷ ಇನ್ನೂರರಲ್ಲಿ ಅರ್ಧದಷ್ಟು ಗಿಡ ಹೋದವು. ಉಳಿದವನ್ನು ಹೊಸ ಮಿಶ್ರಣಕ್ಕೆ ಬದಲಾಯಿಸಿದೆವು. ಕೊಳೆತ ಬೇರು ಕತ್ತರಿಸಿ, ಎರಡು ವಾರ ಗೊಬ್ಬರ ಮುಟ್ಟಿಸದೆ ಅರೆ ನೆರಳಿನಲ್ಲಿ ಇಟ್ಟೆವು. ಬೇರಿಲ್ಲದ ಗಿಡಕ್ಕೆ ಗೊಬ್ಬರ ಕೊಡಬಾರದು ಅಂತ ನನಗೆ ತಿಳಿದದ್ದೂ ಆಗಲೇ. ಚಿಗುರು ಬಂದ ಮೇಲೆ ತುದಿ ಚಿವುಟಿದೆವು. ಕೆಳಗೆ ಐದಾರು ಎಲೆ ಉಳಿಸಿ ತುದಿ ಚಿವುಟಿದರೆ ಪ್ರತಿ ಎಲೆಯ ಸಂದಿನಿಂದ ಒಂದು ಕವಲು ಬರುತ್ತದೆ. ಗಿಡ ಪೊದೆಯಾಗಿ ತುಂಬಿಕೊಂಡಿತು. ಚೇತರಿಸಿಕೊಂಡ ಗಿಡ ನೋಡಿದಾಗ ಆದ ಸಮಾಧಾನ ಹೇಳಲು ಬರುವುದಿಲ್ಲ.

ಆಮೇಲೆ ಎಲ್ಲಾ ಕುಂಡದಲ್ಲೂ ಮೊಗ್ಗು ಬಂತು. ಒಂದು ಸಾಲು ಬಿಟ್ಟು. ಗೇಟಿನ ಹತ್ತಿರದ ಹದಿನೆಂಟು ಕುಂಡಗಳು ಹಸಿರಾಗಿ, ದಟ್ಟವಾಗಿ ಬೆಳೆಯುತ್ತಲೇ ಇದ್ದವು. ಒಂದು ಮೊಗ್ಗೂ ಇಲ್ಲ. ಈ ಸಲ ನಾನು ಕುಂಡ ಎತ್ತಿದೆ. ಹಗುರ, ಸರಿಯಾಗಿದೆ. ಬೇರು ನೋಡಿದೆ. ಬಿಳಿ. ಗೊಬ್ಬರ ಎಲ್ಲಕ್ಕೂ ಕೊಟ್ಟಷ್ಟೇ. ಸಾರಜನಕ ಜಾಸ್ತಿಯಾದರೆ ಬರೀ ಎಲೆ ಬರುತ್ತದೆ ಅಂತ ಗೊತ್ತಿತ್ತು, ಆದರೆ ಪಕ್ಕದ ಸಾಲಿಗೂ ಅದೇ ಗೊಬ್ಬರ ಹೋಗಿತ್ತು. ಅಕ್ಕನನ್ನು ಕೇಳಿದೆ. ಅವರಿಗೂ ಹೊಳೆಯಲಿಲ್ಲ. "ರಾತ್ರಿ ಬಂದು ನೋಡಪ್ಪ, ಹಗಲಲ್ಲಿ ಎಲ್ಲಾ ಒಂದೇ ಥರ ಇದೆ" ಅಂದರು.

ರಾತ್ರಿ ಹೋದೆ. ಗೇಟಿನ ದೀಪ ಆ ಸಾಲಿನ ಮೇಲೆ ಸರಿಯಾಗಿ ಬೀಳುತ್ತಿತ್ತು.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಪಾಯಿನ್ಸೆಟಿಯಾ, ಕಲಾಂಚೋ ಕೂಡ ಇದೇ ಗುಂಪಿನವು. ಹಗಲಿನ ಉದ್ದಕ್ಕೂ ಹೂವಿಗೂ ಇರುವ ಈ ನಂಟನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತಲೇ ಇದ್ದ ಒಂದು ತಂಬಾಕಿನ ತಳಿ ಅವರನ್ನು ಅಲ್ಲಿಗೆ ಕರೆದೊಯ್ದಿತ್ತು. ಗಿಡ ನಿಜವಾಗಿ ಲೆಕ್ಕ ಇಡುವುದು ಎಡೆಬಿಡದ ಕತ್ತಲೆಯನ್ನು ಎಂಬುದು ಆಮೇಲೆ ತಿಳಿಯಿತು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿಗಳಾಗಿಬಿಡುತ್ತದೆ. ದೊಡ್ಡ ಪ್ರಮಾಣದಲ್ಲಿ ಸೇವಂತಿಗೆ ಬೆಳೆಯುವವರು ಹೂವನ್ನು ಮುಂದೂಡಲು ಬೇಕೆಂದೇ ನಡುರಾತ್ರಿ ದೀಪ ಹಾಕುತ್ತಾರೆ. ನಮ್ಮ ಗೇಟಿನ ದೀಪ ಅದೇ ಕೆಲಸವನ್ನು ಯಾರೂ ಹೇಳದೆ ಮಾಡುತ್ತಿತ್ತು.

ಕಾವಲಿಗೆ ದೀಪ ಬೇಕೇ ಬೇಕಿತ್ತು. ಕುಂಡಗಳನ್ನೇ ಶೆಡ್ಡಿನ ಹಿಂದಿನ ಕತ್ತಲೆಗೆ ಸಾಗಿಸಿದೆವು. ಕುಂಡದ ದೊಡ್ಡ ಅನುಕೂಲ ಅದೇ, ಜಾಗ ಸರಿ ಇಲ್ಲದಿದ್ದರೆ ಎತ್ತಿಕೊಂಡು ಹೋಗಬಹುದು. ಮೂರು ವಾರ ಕಳೆದ ಮೇಲೆ ತುದಿಗಳಲ್ಲಿ ಬಟಾಣಿಗಿಂತ ಚಿಕ್ಕ ಮೊಗ್ಗು ಕಾಣಿಸಿದವು. ಅಕ್ಕನನ್ನು ಕರೆದು ತೋರಿಸಿದೆ. ಅವರು ಬಗ್ಗಿ ಮೊಗ್ಗು ನೋಡಿದರು. ಆಮೇಲೆ ಒಂದು ಕುಂಡ ಎತ್ತಿ ಕೈಯಲ್ಲಿ ತೂಗಿ, "ಇದಕ್ಕೆ ಇವತ್ತು ನೀರು ಬೇಕು" ಅಂದರು.