ಗಾಳಿ ನಿಂತ ಮೇಲೆ

ಅಣ್ಣನ ಮಗ ರಾಮೇಶ್ವರಂನಲ್ಲಿ ಕೈಟ್‌ಸರ್ಫಿಂಗ್ ಕಲಿತು ನಿನ್ನೆ ಹುಬ್ಬಳ್ಳಿಗೆ ಬಂದ. ದೊಡ್ಡ ಪಟ ಎಳೆದಂತೆ ಹಲಗೆ ಮೇಲೆ ನಿಂತು ನೀರಲ್ಲಿ ಜಾರುವ ಆಟ ಅದು. ‘ನಡು ನೀರಲ್ಲಿ ಗಾಳಿ ನಿಂತ್ರೆ ಏನಪ್ಪಾ ಗತಿ?’ ಅಂದೆ. ‘ಬಾ ಕಾಕಾ, ತೋರಿಸ್ತೀನಿ’ ಅಂತ ಮಾಳಿಗೆಗೆ ಕರೆದೊಯ್ದ.

ಬಟ್ಟೆ ಒಣಹಾಕುವ ಹಗ್ಗ, ಒಂದು ಕೋಲು. ಹಗ್ಗವೇ ಪಟದ ದಾರ, ಕೋಲೇ ಅವನ ಬಾರ್, ಅಂದ್ರೆ ಪಟ ನಡೆಸುವ ಹಿಡಿಕೆ. ಮೊದಲು ಕ್ವಿಕ್ ರಿಲೀಸ್ ಅನ್ನೋ ತುರ್ತು ಕೊಂಡಿ ಒತ್ತಿ ಪಟದ ಎಳೆತ ಬಿಡಿಸಬೇಕು. ಆಮೇಲೆ, ಎಳೆತ ಬಿಟ್ಟ ಮೇಲೂ ಪಟವನ್ನು ಹಿಡಿದಿಡುವ ಸೇಫ್ಟಿ ದಾರ ಒಂದನ್ನೇ ಬಾರ್‌ಗೆ ಸುತ್ತಿ ಗಂಟು ಹಾಕಬೇಕು, ಪಟ ಮತ್ತೆ ಜಗ್ಗಬಾರದಲ್ವಾ. ನಂತರ ಉಳಿದ ದಾರಗಳನ್ನೂ ಸೇರಿಸಿ ಸುತ್ತುತ್ತಾ ಪಟದ ಹತ್ತಿರ ಹೋಗಬೇಕು. ಇಪ್ಪತ್ತು ಮೀಟರ್‌ಗೂ ಜಾಸ್ತಿ ದಾರ! ‘ಕೈಗೆ ಮಾತ್ರ ಸುತ್ತಬಾರದು ಕಾಕಾ’ ಅಂತ ಮೂರು ಸಲ ಹೇಳಿದ. ತಟ್ಟನೆ ಗಾಳಿ ಬಂದರೆ ಬೆರಳೇ ಹೋಗಬಹುದು.

ಪಟದ ಮುಂದಿನ ಅಂಚಿನ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಅದರ ಮೇಲೆ ಮಲಗಿ ಕೈಯಿಂದ ನೀರು ಸರಿಸುತ್ತಾ ದಡಕ್ಕೆ ಬರಬಹುದು. ದಡದ ಕಡೆಗೆ ಸ್ವಲ್ಪ ಗಾಳಿ ಬೀಸುತ್ತಿದ್ದರೆ ಪಟದ ಎರಡು ತುದಿ ಹಿಡಿದು ಹಾಯಿಯ ಹಾಗೆ ಮಾಡಿಕೊಳ್ಳಬಹುದು. ಪಟ ಬಿಟ್ಟು ಈಜಲು ಹೋಗಬಾರದಂತೆ. ತೇಲಿಸುವುದೂ ಅದೇ, ದೂರದವರ ಕಣ್ಣಿಗೆ ಬೀಳುವುದೂ ಅದೇ.

ಕಾರಹುಣ್ಣಿಮೆಗೆ ನಾವೂ ಪಟ ಹಾರಿಸಿದವರೇ. ಗಾಳಿ ಬಿದ್ದರೆ ದಾರ ಹರಿದು ಸುಮ್ನೆ ಮನೆಗೆ ಬರುತ್ತಿದ್ದೆವು. ಇವನಿಗೆ ಆ ಪಟವೇ ದೋಣಿ. ‘ದಡದಿಂದ ಕಡಲಿಗೆ ಬೀಸೋ ಗಾಳಿ ಇದ್ದರೆ ಇಳೀಬೇಡ’ ಅಂದೆ. ‘ಇಳಿಯಲ್ಲ ಕಾಕಾ’ ಅಂದ.

ಮುಂಜಾನೆ ನೋಡಿದರೆ ಹಗ್ಗ ಸುತ್ತಿದ ಕೋಲು ಮಾಳಿಗೆಯಲ್ಲೇ ಇತ್ತು. ಬಿಚ್ಚಲು ಮನಸ್ಸಾಗಲಿಲ್ಲ.